ಎರಡು ಗಲ್ಲಿ ಆಚೆ ನಿಲ್ಲಿಸಿದ ಕಾರು

ಕಲಬುರಗಿಯ ಹೊಸ ಬಡಾವಣೆಗಳಿಂದ ಆಪ್ತಸಲಹೆಗೆ ಬರುವ ತಾಯಂದಿರಲ್ಲಿ ಒಂದು ವಿಷಯ ನೋಡುತ್ತಾ ಬಂದಿದ್ದೇನೆ. ಅವರು ಮೊದಲು ಹೇಳುವುದು ತಮ್ಮ ಕಷ್ಟವನ್ನಲ್ಲ. "ನನಗೇನೂ ಕಮ್ಮಿ ಇಲ್ರಿ ಮೇಡಂ" ಅಂತ ಶುರು ಮಾಡುತ್ತಾರೆ. ಸ್ವಂತ ಮನೆ ಅದ, ಗಾಡಿ ಅದ, ಕೆಲಸಕ್ಕ ಬಾಯಿ ಬರ್ತಾಳ, ಮನಿಯವರು ಒಳ್ಳೆಯವರು. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಅಳು ಬರುತ್ತದೆ. ಅತ್ತಿದ್ದಕ್ಕೆ ಕ್ಷಮೆ ಕೇಳುತ್ತಾರೆ. ಇಂಥವರು ಈಚೆಗೆ ಜಾಸ್ತಿಯಾಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವ ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರಿಗೆ ನಲವತ್ತರ ಆಸುಪಾಸು. ಆಳಂದ ಕಡೆಯ ಒಕ್ಕಲು ಮನೆಯ ಮಗಳು, ಪದವಿ ಓದಿದವರು. ಗಂಡ ಗುತ್ತಿಗೆದಾರರು. ಮದುವೆಯಾಗಿ ಬಹಳ ವರ್ಷ ಬ್ರಹ್ಮಪುರದ ಹಳೆ ಮನೆಯಲ್ಲಿ ಅತ್ತೆ, ಮಾವ, ಮೈದುನರ ಜೊತೆ ಇದ್ದರು. ಆಮೇಲೆ ರಿಂಗ್ ರೋಡ್ ಆಚೆ ಎರಡಂತಸ್ತಿನ ಮನೆ ಕಟ್ಟಿಸಿಕೊಂಡು ಬಂದರು. ಹತ್ತನೇ ತರಗತಿಯ ಮಗ ಮಾತು ಬಿಟ್ಟಿದ್ದಾನೆ, ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾನೆ, ಅಂಕ ಇಳಿದಿವೆ ಅನ್ನುವುದು ದೂರು. "ಅವನಿಗೆ ಸ್ವಲ್ಪ ಬುದ್ಧಿ ಹೇಳ್ರಿ" ಅಂತ ಬಂದಿದ್ದರು.

ಆದರೆ ಮೊದಲ ಭೇಟಿಗಳಲ್ಲಿ ಮಗನ ಮಾತು ಬಂದದ್ದೇ ಕಡಿಮೆ. ಬೆಳಗ್ಗೆ ಐದಕ್ಕೆ ಏಳುತ್ತೇನೆ ಅಂದರು. ಬಾಯಿ ಬಂದರೂ ಭಾಂಡೆ, ಕಸ ಮಾತ್ರ ಅವಳದು, ರೊಟ್ಟಿ ನಾನೇ ಬಡಿಯುತ್ತೇನೆ ಅಂದರು. ಟ್ಯೂಷನ್‌ಗೆ ನಾನೇ ಬಿಡುತ್ತೇನೆ, ನಾನೇ ಕರೆತರುತ್ತೇನೆ, ಯಾವ ಕಿಟ್ಟಿ ಪಾರ್ಟಿಗೂ ಹೋಗುವುದಿಲ್ಲ, ಶ್ರಾವಣ ಸೋಮವಾರ ಶರಣಬಸವೇಶ್ವರ ಗುಡಿ ತಪ್ಪಿಸಿಲ್ಲ ಅಂದರು. ಇದನ್ನೆಲ್ಲ ನಾನು ಕೇಳಿರಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಾಗೆ ಒಂದೊಂದೇ ಇಡುತ್ತಿದ್ದರು.

ಅವರ ಮೇಲೆ ಆರೋಪ ಹೊರಿಸಿದವರು ಯಾರು? ಗಟ್ಟಿಯಾಗಿ ಯಾರೂ ಹೊರಿಸಿಲ್ಲ. ನಾದಿನಿ ಮನೆಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಹಾಕುತ್ತಾಳೆ. ಅದರಲ್ಲಿ ಕಪ್ಪು ಕನ್ನಡಕದ ತಾಯಿ ಮಗುವನ್ನು ಆಯಾಳ ಕೈಗೆ ಕೊಟ್ಟು ರೀಲ್ಸ್ ಮಾಡುತ್ತಾಳೆ. ಎಲ್ಲರೂ ನಗುವ ಚಿತ್ರ ಒತ್ತುತ್ತಾರೆ. ಅತ್ತೆ ಹಬ್ಬಕ್ಕೆ ಬಂದಾಗ "ನಾವು ಹತ್ತು ಮಂದಿಗೆ ರೊಟ್ಟಿ ಬಡಿದ್ವಿ, ಮಕ್ಕಳು ತಾವೇ ಬೆಳೆದ್ವು. ಈ ಲೇಔಟ್ ಹೆಂಗಸರಿಗೆ ಎರಡು ಮಕ್ಕಳೇ ಭಾರ" ಅನ್ನುತ್ತಾರೆ. ಮೈದುನರೊಬ್ಬರ ಮಾತು ಇನ್ನೂ ಚುರುಕು: "371ಜೆ ಸರ್ಟಿಫಿಕೇಟ್ ಅದ, ಟ್ಯೂಷನ್ ಅದ, ಎಸಿ ರೂಮ್ ಅದ. ಇಷ್ಟಿದ್ದೂ ಹುಡುಗಗ ಮೆಡಿಕಲ್ ಸೀಟು ಸಿಗಲಿಲ್ಲ ಅಂದ್ರ ತಪ್ಪು ಯಾರದು ವೈನಿ?"

ಈ ಕೊನೆಯ ಮಾತು ನಾನು ಬೇರೆ ಬೇರೆ ಮನೆಗಳಿಂದ ಕೇಳಿದ್ದೇನೆ. ಸಂವಿಧಾನದ 371ಜೆ ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಜನ ಹೋರಾಡಿ ಪಡೆದದ್ದು. ಅದರಿಂದ ಇಲ್ಲಿನ ಕಾಲೇಜುಗಳಲ್ಲಿ ಶೇಕಡ 70ರಷ್ಟು ಸೀಟು, ಉಳಿದ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡ 8ರಷ್ಟು ಸೀಟು ನಮ್ಮ ಮಕ್ಕಳಿಗೆ ಮೀಸಲು. ಎಷ್ಟೋ ಬಡ ಮನೆಯ ಮಕ್ಕಳು ಇದರಿಂದ ಡಾಕ್ಟರ್, ಎಂಜಿನಿಯರ್ ಆಗಿದ್ದಾರೆ. ಅಂಥ ಹಕ್ಕನ್ನು ಒಬ್ಬ ತಾಯಿಯನ್ನು ಹಂಗಿಸಲು ಬಳಸುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸೀಟು ಸಿಕ್ಕರೆ ಮೀಸಲಾತಿಯಿಂದ, ಸಿಗದಿದ್ದರೆ ತಾಯಿಯಿಂದ. ಇದು ಯಾವ ನ್ಯಾಯ?

ಏಪ್ರಿಲ್‌ನ ಒಂದು ಮಧ್ಯಾಹ್ನ. ಕಲಬುರಗಿಯ ಏಪ್ರಿಲ್ ಬಿಸಿಲು ಗೊತ್ತಲ್ವಾ, ರಸ್ತೆಯಲ್ಲಿ ನಾಯಿ ಕೂಡ ಇರುವುದಿಲ್ಲ. ಅವರು ಬೆವರಿನಲ್ಲಿ ತೊಯ್ದು, ಮುಖ ಕೆಂಪಾಗಿ ಒಳಗೆ ಬಂದರು. ನೀರು ಕೊಟ್ಟು, ನಡೆದು ಬಂದ್ರಾ ಅಂತ ಕೇಳಿದೆ.

"ಇಲ್ರಿ, ಗಾಡಿ ತಂದೀನಿ. ಎರಡು ಗಲ್ಲಿ ಆಚೆ ಹಚ್ಚಿ ಬಂದೀನಿ."

ಬಾಗಿಲ ಮುಂದೆಯೇ ಜಾಗವಿತ್ತು. ಯಾಕೆ ಅಷ್ಟು ದೂರ ಅಂದೆ. ತುಸು ಹೊತ್ತು ಸುಮ್ಮನಿದ್ದರು.

"ದೊಡ್ಡ ಗಾಡಿ ಅದರಿ. ಅದನ್ನ ನೋಡಿದ್ರ ನೀವು ನನ್ನ ಮಾತು ನಂಬಂಗಿಲ್ಲ ಅನಸ್ತು. ಮೊದಲನೇ ದಿನದಿಂದ ಅಲ್ಲೇ ಹಚ್ತೀನಿ."

ಅಂದು ಮಾತಾಡಬೇಕು ಅಂದುಕೊಂಡಿದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಮನೆಯಲ್ಲಿ ಯಾರ ಮುಂದಾದರೂ ಅತ್ತಿದ್ದೀರಾ ಅಂತ ಕೇಳಿದೆ.

"ಒಮ್ಮೆ ಅತ್ತಿದ್ದೆ. ನಿಂಗೇನ್ ಕಮ್ಮಿ ಆಗ್ಯಾದ ಅಂದ್ರು. ಆಮ್ಯಾಲ ಬಚ್ಚಲದಾಗ ನಳ ಬಿಟ್ಕೊಂಡು ಅಳ್ತೀನಿ."

"ಮಗ ಅಳುವುದನ್ನು ನೋಡಿದ್ದೀರಾ?"

ಅವರು ಉತ್ತರ ಕೊಡಲು ಬಹಳ ಹೊತ್ತು ತೆಗೆದುಕೊಂಡರು. ಕೈಯಲ್ಲಿದ್ದ ಸೆರಗಿನ ತುದಿ ಬಿಡಿಸುತ್ತ, ಮತ್ತೆ ಸುತ್ತುತ್ತ ಇದ್ದರು.

"ದೀಪಾವಳಿ ಆದ್ಮ್ಯಾಲ ಒಂದಿನ ಅತ್ತ. ಟೆಸ್ಟಿನಾಗ ಕಮ್ಮಿ ಬಂದಿತ್ತು. ನಾನೂ ಅದೇ ಅಂದೆ ಮೇಡಂ. ನಿಂಗೇನ್ ಕಮ್ಮಿ ಮಾಡೀವಿ ಅಂದೆ. ಅವತ್ತಿಂದ ಬಾಗಿಲು ಹಾಕ್ಕೊಂಡಾನ."

ನಾನು ಏನೂ ವಿವರಿಸಲಿಲ್ಲ. ಬೇಕಾಗಿರಲಿಲ್ಲ. ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡಿದ್ದರು. ತಾಯಿಯ ಬಾಯಿ ಮುಚ್ಚಿಸಿದ ಮಾತು ತಾಯಿಯ ಬಾಯಿಂದಲೇ ಮಗನಿಗೆ ದಾಟಿತ್ತು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಸುತ್ತಲಿನವರು ವರ್ಷಗಟ್ಟಲೆ ಒಂದೇ ಪ್ರಶ್ನೆ ಕೇಳುತ್ತಿದ್ದರೆ ನಮಗೂ ಅದೇ ಬಾಯಿಗೆ ಬರುತ್ತದೆ.

ಬಡಾವಣೆಯಲ್ಲಿ ಇದನ್ನು ಹೇಳಿಕೊಳ್ಳಬಹುದಾದ ಒಬ್ಬರಾದರೂ ಇದ್ದಾರಾ ಅಂತಲೂ ಕೇಳಿದೆ. "ಅವರೆಲ್ಲಾ ಮೇಕಪ್, ಪಾರ್ಟಿ ಅಂತಿರೋ ಹೆಂಗಸರ್ರಿ" ಅಂದವರು ಅರ್ಧಕ್ಕೇ ನಿಂತು ನನ್ನ ಮುಖ ನೋಡಿದರು.

ಅಂದು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಮಗನಿಗೆ ಸಂಬಂಧಿಸಿದ್ದು. ಅವನಿಗೆ ಬುದ್ಧಿ ಹೇಳುವುದು ಬೇಡ. ಹೋಗಿ ಅಂದಿನ ಮಾತನ್ನು ವಾಪಸ್ ತೆಗೆದುಕೊಳ್ಳಿ. "ನೀ ಅತ್ತಾಗ ನಾ ಹಂಗ ಅನಬಾರದಿತ್ತು" ಅಷ್ಟೇ ಸಾಕು. ಅದರ ಹಿಂದೆಯೇ "ಆದ್ರ ನೀನೂ ಓದಬೇಕಲ್ಲ" ಅಂತ ಸೇರಿಸಬೇಡಿ. ಟ್ಯೂಷನ್‌ನಿಂದ ಕರೆತರುವಾಗ ಗಾಡಿಯಲ್ಲಿ ಅಂಕದ ಮಾತು ಎತ್ತಬೇಡಿ. ಅವನು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಅವನು ಊಟ ನಿದ್ದೆ ಬಿಟ್ಟರೆ, ಬದುಕು ಬೇಡ ಅನ್ನುವ ಮಾತು ಆಡಿದರೆ ಮಾತ್ರ ನನ್ನ ಮುಂದಿನ ಭೇಟಿಗೆ ಕಾಯಬೇಡಿ ಅಂದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯದು, ರಕ್ತ ಪರೀಕ್ಷೆ. ನಿದ್ದೆ ಬಾರದಿರುವುದು, ಮೆಟ್ಟಿಲು ಹತ್ತಿದರೆ ಸುಸ್ತು, ಕೂದಲು ಉದುರುವುದು, ಇವನ್ನೆಲ್ಲ ಅವರು ಮನಸ್ಸಿನ ಕೊರತೆ ಅಂದುಕೊಂಡಿದ್ದರು. ಹಿಮೋಗ್ಲೋಬಿನ್ ಕಡಿಮೆ ಇತ್ತು. ಡಾಕ್ಟರ್ ಕಬ್ಬಿಣಾಂಶದ ಮಾತ್ರೆ ಕೊಟ್ಟರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ಉಳ್ಳವರ ಮನೆಯ ಹೆಂಗಸರೂ ಅದರಲ್ಲಿದ್ದಾರೆ. ಆದರೆ ಇಂಥ ಮನೆಯ ಹೆಂಗಸಿಗೆ ರಕ್ತ ಕಡಿಮೆ ಇರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಮೂರನೆಯ ಸಲಹೆಯನ್ನು ಅವರು ಒಪ್ಪಲು ತಡ ಮಾಡಿದರು. ಬಡಾವಣೆಯ ಒಬ್ಬ ಹೆಂಗಸಿನ ಜೊತೆ, ಒಬ್ಬರೇ ಸಾಕು, ಖರೇ ಮಾತಾಡಿ ಅಂದೆ. ಇದನ್ನು ನಾನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಭಾರತ ಮೂಲದ ಮನಶ್ಶಾಸ್ತ್ರಜ್ಞೆ ಸುನಿಯಾ ಲೂಥರ್ ಅಮೆರಿಕದ ಉಪನಗರಗಳ ಉಳ್ಳ ಕುಟುಂಬಗಳನ್ನು ಬಹಳ ವರ್ಷ ಅಧ್ಯಯನ ಮಾಡಿದರು. ಅಲ್ಲಿಯೂ ಇಂಥ ತಾಯಂದಿರನ್ನು ಒಂದೇ ಅಚ್ಚಿನಲ್ಲಿ ನೋಡುತ್ತಾರೆ. 1996ರ ಅಧ್ಯಕ್ಷೀಯ ಚುನಾವಣೆ ಹೊತ್ತಿಗೆ 'ಸಾಕರ್ ಮಾಮ್', ಅಂದರೆ ಮಕ್ಕಳನ್ನು ಫುಟ್‌ಬಾಲ್ ಆಟಕ್ಕೆ ಗಾಡಿಯಲ್ಲಿ ಕರೆದೊಯ್ಯುವ ಉಪನಗರದ ತಾಯಿ, ಅನ್ನುವ ಹೆಸರು ಎಲ್ಲರ ಬಾಯಲ್ಲಿತ್ತು. ಆ ಮನೆಗಳ ಮಕ್ಕಳಲ್ಲಿ ಆತಂಕ, ಖಿನ್ನತೆ, ಮಾದಕ ವಸ್ತುಗಳ ಬಳಕೆ ಹೆಚ್ಚಿರುವುದನ್ನು ಲೂಥರ್ ಕಂಡರು. ಸಾಧಿಸಲೇಬೇಕು ಅನ್ನುವ ಒತ್ತಡ, ಹೆತ್ತವರಿಂದ ಮನಸ್ಸು ದೂರವಾಗುವುದು, ಇವೆರಡೂ ಅದರ ಹಿಂದಿದ್ದವು. 2015ರಲ್ಲಿ ಅವರೂ ಸಹೋದ್ಯೋಗಿಯೂ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರ ಅಧ್ಯಯನ ಪ್ರಕಟಿಸಿದರು. ಹೆಚ್ಚಿನವರು ಚೆನ್ನಾಗಿ ಓದಿದವರು. ಇದ್ದ ಹಾಗೇ ಒಪ್ಪಿಕೊಳ್ಳುವವರು, ಸಂಕಟದಲ್ಲಿ ಸಮಾಧಾನ ಹೇಳುವವರು, ತೋರಿಕೆ ಇಲ್ಲದ ಸಂಬಂಧ, ತೃಪ್ತಿ ಕೊಡುವ ಗೆಳೆತನ, ಇವು ಇದ್ದ ತಾಯಂದಿರು ಗಟ್ಟಿಯಾಗಿದ್ದರು. ನಮ್ಮ ತಾಯಿಯ ಬಳಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ.

ಈ ಪ್ರಕರಣದ ಬಗ್ಗೆ ಮಾತಾಡಿದಾಗ ಜೊತೆ ಕೆಲಸದವರೊಬ್ಬರು ಕೇಳಿದರು: "ತೊಗರಿ ಹೊಲದಲ್ಲಿ ಕೂಲಿ ಮಾಡುವವರು, ಕೆಲಸ ಹುಡುಕಿ ಮುಂಬೈ, ಹೈದರಾಬಾದಿಗೆ ಗುಳೆ ಹೋಗುವವರು ಇರುವ ಜಿಲ್ಲೆ ಇದು. ಎಸಿ ಮನೆಯ ಸಂಕಟಕ್ಕೆ ಇಷ್ಟು ಸಮಯ ಬೇಕಾ?" ಬೇಕು. ಗುಳೆ ಹೋಗುವ ತಾಯಿಯ ಜೊತೆಯೂ ನಾನು ಕೂರುತ್ತೇನೆ. ಅವಳಿಗೆ ಬೇಕಾದ ನೆರವು ಬೇರೆ, ದೊಡ್ಡದು, ಅದಕ್ಕೆ ಸರಕಾರವೂ ಬರಬೇಕು. ಆದರೆ ಈ ತಾಯಿ ಬಚ್ಚಲಲ್ಲಿ ಅತ್ತರೆ ಆ ತಾಯಿಯ ಕೂಲಿ ಒಂದು ರೂಪಾಯಿ ಕೂಡ ಹೆಚ್ಚುವುದಿಲ್ಲ. ಒಬ್ಬರ ನೋವನ್ನು ಸಣ್ಣದು ಮಾಡಿ ಇನ್ನೊಬ್ಬರ ನೋವನ್ನು ಗೌರವಿಸಲು ಆಗುವುದಿಲ್ಲ. ಅಷ್ಟೇ ಅಲ್ಲ, ಈ ಮನೆಯ ಮಗನ ವಯಸ್ಸು ಹದಿನಾರು. ಅವನು ಯಾವ ಬಡಾವಣೆಯವನು ಅಂತ ನೋಡಿ ನಾನು ಅವನ ಕೋಣೆಯ ಬಾಗಿಲು ತಟ್ಟಬೇಕೋ ಬೇಡವೋ ಅಂತ ತೀರ್ಮಾನಿಸಲಾರೆ.

ಗಂಡನನ್ನೂ ಒಮ್ಮೆ ಕರೆಸಿದೆ. ಒಳ್ಳೆಯ ಮನುಷ್ಯ. "ಮನ್ಯಾಗ ಆಳು ಇದ್ದಾರ, ಅಕಿಗೆ ಭಾರ ಎಲ್ಲದ?" ಅಂತ ಸರಳವಾಗಿಯೇ ಕೇಳಿದರು. ನಿಮ್ಮ ತಾಯಿಯ ಬಿಪಿ ಮಾತ್ರೆ ಯಾವಾಗ ಮುಗಿಯುತ್ತದೆ, ಟ್ಯೂಷನ್ ಫೀ ಯಾವ ತಾರೀಕಿಗೆ ಕಟ್ಟಬೇಕು, ಬಾಯಿ ಬರದ ದಿನ ಯಾರಿಗೆ ಫೋನ್ ಹೋಗುತ್ತದೆ ಅಂತ ಕೇಳಿದೆ. ಎಲ್ಲವೂ ಹೆಂಡತಿಗೆ ಗೊತ್ತು ಅಂದರು. ಇವುಗಳಲ್ಲಿ ಮಾತ್ರೆ ಮತ್ತು ಫೀ ಇನ್ನು ನಿಮ್ಮ ಜವಾಬ್ದಾರಿ, ನಿಮ್ಮ ತಮ್ಮ ಅವರನ್ನು ಹಂಗಿಸಿದಾಗ ಉತ್ತರ ಕೊಡುವುದೂ ನಿಮ್ಮದೇ ಅಂದೆ. ಮಾತ್ರೆ ಮತ್ತು ಫೀ ಒಪ್ಪಿಕೊಂಡರು. ತಮ್ಮನ ವಿಷಯಕ್ಕೆ "ನೋಡೋಣ್ರಿ" ಅಂದರು.

ಪಕ್ಕದ ರಸ್ತೆಯ ಒಬ್ಬರ ಜೊತೆ ಈ ತಾಯಿ ಈಗ ಸಂಜೆ ನಡೆಯಲು ಹೋಗುತ್ತಾರೆ. ಆಕೆಯ ಮಗಳಿಗೆ ಊಟ ಸೇರುತ್ತಿಲ್ಲವಂತೆ, ಯಾರಿಗೂ ಹೇಳಿರಲಿಲ್ಲವಂತೆ. ಮಗನ ಅಂಕ ಏನೂ ಏರಿಲ್ಲ. ಆದರೆ ತನಗೆ ವಿಜ್ಞಾನ ಬೇಡ, ಕಾಮರ್ಸ್ ಬೇಕು ಅಂತ ಬಾಯಿ ಬಿಟ್ಟು ಹೇಳಿದ್ದಾನೆ. ಮನೆಯಲ್ಲಿ ಅದಿನ್ನೂ ತೀರ್ಮಾನವಾಗಿಲ್ಲ, ಮೈದುನರು ಸಿಟ್ಟಾಗಿದ್ದಾರೆ. ಮುಂದಿನ ಭೇಟಿಗೆ ತಾನೂ ಬರುತ್ತೇನೆ ಅಂತ ಹುಡುಗ ತಾಯಿಗೆ ಹೇಳಿದ್ದಾನೆ.