ನಾವು ನಿರ್ಧರಿಸುವ ಮುನ್ನವೇ ಮಿದುಳು ನಿರ್ಧರಿಸಿರುತ್ತದೆಯೇ?

ಈ ಮಾತು ಹೆಚ್ಚಾಗಿ ಹಬ್ಬಿದ್ದು ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಿಂದ. ಅದರಲ್ಲಿ ಭಾಗವಹಿಸಿದವರು ಮನಸ್ಸು ಬಂದಾಗ ಕೈ ಅಲುಗಿಸಿ, ಹಾಗೆ ಅನ್ನಿಸಿದ ಕ್ಷಣದಲ್ಲಿ ಪರದೆಯ ಮೇಲೆ ಸುತ್ತುವ ಚುಕ್ಕೆ ಎಲ್ಲಿತ್ತೆಂದು ಹೇಳಬೇಕಿತ್ತು. ಅನ್ನಿಸಿದ್ದು ಚಲನೆಗೆ ಸುಮಾರು 200 ಮಿಲಿಸೆಕೆಂಡ್ ಮೊದಲು. ನೆತ್ತಿಯ ಮೇಲಿನ ವಿದ್ಯುದ್ವಾರಗಳಲ್ಲಿ ಸಿದ್ಧತೆಯ ಸಂಕೇತ ಏರತೊಡಗಿದ್ದು ಚಲನೆಗೆ ಸುಮಾರು 550 ಮಿಲಿಸೆಕೆಂಡ್ ಮೊದಲು, ಅಂದರೆ ಅನ್ನಿಸುವುದಕ್ಕೂ ಮುಂಚೆ.

ಆದರೆ ಆ ಏರಿಕೆಯನ್ನೇ ನಿರ್ಧಾರ ಎನ್ನುವುದು ಅವಸರದ ತೀರ್ಮಾನ. ಮಿದುಳಿನ ಚಟುವಟಿಕೆ ತಾನಾಗಿಯೇ ಏರಿಳಿಯುತ್ತಿರುತ್ತದೆ, ಅದು ಮಿತಿಯೊಂದನ್ನು ದಾಟಿದಾಗ ಕೈ ಅಲುಗುತ್ತದೆ ಎಂದು 2012ರಲ್ಲಿ ನರವಿಜ್ಞಾನಿ ಆರನ್ ಶುರ್ಗರ್ ಮತ್ತು ಸಂಗಡಿಗರು ವಾದಿಸಿದರು. ಚಲನೆಯ ಕ್ಷಣದಿಂದ ಹಿಂದಕ್ಕೆ ಹೋಗಿ ಅನೇಕ ಯತ್ನಗಳ ಸರಾಸರಿ ತೆಗೆದರೆ, ಆ ಏರಿಳಿತವೇ ಮೊದಲೇ ನಡೆದ ಸಿದ್ಧತೆಯಂತೆ ಕಾಣುತ್ತದೆ. ನನಗೆ ಇದೇ ಹೆಚ್ಚು ಒಪ್ಪಿತ. ಮೇಲಾಗಿ, ಕೆಲಸ ಬಿಡಬೇಕೇ ಎಂದು ವಾರಗಟ್ಟಲೆ ತೂಗಿನೋಡುವಂಥ ನಿರ್ಧಾರವನ್ನು ಲಿಬೆಟ್ ಅಳೆದೇ ಇರಲಿಲ್ಲ.