ಸಂಪಾದಕರ ಉತ್ತರ: ಬೇಲಿ ಯಾರಿಗೆ ಹಾಕೋಣ ಹೇಳಿ

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಲ್ಲ. ಆದ್ರೆ ಪತ್ರದಲ್ಲಿ ಏನಿತ್ತು ಅಂತ ಉಳಿದವರಿಗೂ ಗೊತ್ತಾಗ್ಬೇಕಲ್ಲ. ಹೋದ ಸಂಚಿಕೆಯಲ್ಲಿ ಬೆಟ್ಟದ ಹುಲ್ಲುಗಾವಲು ಮತ್ತೆ ಅಲ್ಲಿ ಕುರಿ ಮೇಯಿಸೋರ ಬಗ್ಗೆ ಫೋಟೋ ಲೇಖನ ಹಾಕಿದ್ವಿ. ಅದನ್ನ ನೋಡಿ ಇವರಿಗೆ ಸಿಟ್ಟು ಬಂದಿದೆ. ಪರಿಸರದ ಬಗ್ಗೆ ಬರೆಯೋ ಪತ್ರಿಕೆ ಕುರಿ ಕಾಯೋರನ್ನ ಹೀರೋ ಮಾಡೋದಾ, ಮನುಷ್ಯ ಕಾಲಿಟ್ಟ ಕಡೆ ಪ್ರಕೃತಿ ಉಳಿದಿರೋ ಉದಾಹರಣೆ ಒಂದಾದ್ರೂ ಇದ್ರೆ ತೋರಿಸಿ, ಜನರನ್ನ ಆಚೆ ಕಳಿಸಿ ಬೇಲಿ ಬಿಗಿದು ಇಪ್ಪತ್ತು ವರ್ಷ ಸುಮ್ನಿದ್ರೆ ಎಲ್ಲ ತಾನಾಗೇ ಸರಿಹೋಗುತ್ತೆ, ಅಂತ ವಾದ. ಕೊನೇಲಿ ಒಂದು ಕೋರಿಕೆ ಬೇರೆ: ಬೋಳು ಹುಲ್ಲಿನ ಗುಡ್ಡಗಳಲ್ಲಿ ಸಸಿ ನೆಡೋ ಅಭಿಯಾನಕ್ಕೆ ಪತ್ರಿಕೆ ಕೈಜೋಡಿಸ್ಬೇಕಂತೆ.

ನೇರವಾಗಿ ಬೈದಿದ್ದೀರಿ, ಅದು ನನಗಿಷ್ಟ. ಸುತ್ತಿಬಳಸಿ ಹೊಗಳಿ ಕೊನೇಲಿ ಚುಚ್ಚೋ ಪತ್ರಗಳೇ ಜಾಸ್ತಿ ಬರೋದು ಇಲ್ಲಿಗೆ.

ನಿಮ್ಮ ಮಾತಲ್ಲಿ ನಿಜ ಇಲ್ಲ ಅಂತಲ್ಲ. ಮಧ್ಯ ಏಷ್ಯಾದ ಅರಲ್ ಸಮುದ್ರ ನೋಡಿ, ಒಂದು ಕಾಲಕ್ಕೆ ಪ್ರಪಂಚದ ನಾಲ್ಕನೇ ದೊಡ್ಡ ಸರೋವರ, 1960ರಿಂದೀಚೆಗೆ ಹತ್ತಿ ಬೆಳೆಯೋಕೆ ಅಂತ ಎರಡು ನದಿಗಳ ನೀರನ್ನ ತಿರುಗಿಸಿ ಅದನ್ನ ಉಪ್ಪಿನ ಮರಳುಗಾಡು ಮಾಡಿಬಿಟ್ರು. ಅಮೆರಿಕದ ಬಯಲುಸೀಮೆಯಲ್ಲಿ ಹುಲ್ಲಿನ ಬೇರನ್ನೆಲ್ಲ ಉತ್ತು ಹಾಕಿ ಗೋಧಿ ಬಿತ್ತಿದ್ರು, 1930ರ ದಶಕದಲ್ಲಿ ಬರ ಬಂದಾಗ ಮಣ್ಣೇ ಎದ್ದು ಹಾರಿಹೋಯ್ತು. ಒಪ್ಪಿದೆ. ಆದ್ರೆ ಈ ಎರಡು ಕಡೇನೂ ಕೆಡಿಸಿದ್ದು ಕುರಿ ಕಾಯೋನಾ? ಒಂದು ಕಡೆ ದೂರದ ಮಾಸ್ಕೋದಲ್ಲಿ ಕೂತು ಪ್ಲಾನ್ ಹಾಕಿದ ಸೋವಿಯತ್ ಸರ್ಕಾರ, ಇನ್ನೊಂದು ಕಡೆ ಗೋಧಿ ರೇಟು ನೋಡ್ಕೊಂಡು ನುಗ್ಗಿದವರು. ಇವರನ್ನೂ ತಲೆತಲಾಂತರದಿಂದ ಅದೇ ಗುಡ್ಡದಲ್ಲಿ ದನ ಮೇಯಿಸ್ಕೊಂಡು ಬಂದವನನ್ನೂ "ಮನುಷ್ಯ" ಅಂತ ಒಂದೇ ಚೀಲಕ್ಕೆ ತುಂಬಿಬಿಟ್ರೆ ಹೇಗೆ ಸ್ವಾಮಿ?

ಉದಾಹರಣೆ ಒಂದಾದ್ರೂ ತೋರಿಸಿ ಅಂದ್ರಲ್ಲ, ಒಂದು ಚಿಟ್ಟೆ ಕಥೆ ಹೇಳ್ತೀನಿ. ಇಂಗ್ಲೆಂಡಲ್ಲಿ ಲಾರ್ಜ್ ಬ್ಲೂ ಅಂತ ಒಂದು ನೀಲಿ ಚಿಟ್ಟೆ. ಅಪರೂಪದ್ದು, ಹಿಡಿದು ಪಿನ್ ಚುಚ್ಚಿ ಪೆಟ್ಟಿಗೆಯಲ್ಲಿಡೋ ಹವ್ಯಾಸದವರು ಅದರ ಹಿಂದೆ ಬಿದ್ದಿದ್ರು, ಹಾಗಾಗಿ ಅದು ಕಮ್ಮಿ ಆಗ್ತಿರೋದಕ್ಕೆ ಅವರೇ ಕಾರಣ ಅಂತ ಎಲ್ಲರೂ ನಂಬಿದ್ರು. ಕೆಲವು ಕಡೆ ಬೇಲಿ ಹಾಕಿ ಕಾಪಾಡೋಕೂ ನೋಡಿದ್ರು. ಆದ್ರೂ ಕಮ್ಮಿ ಆಗ್ತಾನೇ ಹೋಯ್ತು. 1970ರ ದಶಕದಲ್ಲಿ ಜೆರೆಮಿ ಥಾಮಸ್ ಅನ್ನೋ ವಿಜ್ಞಾನಿ ಹುಲ್ಲಲ್ಲಿ ಮಂಡಿಯೂರಿ ಕೂತು ಈ ಹುಳದ ಬದುಕನ್ನ ಹಂತ ಹಂತವಾಗಿ ನೋಡಿದಾಗ ಸಿಕ್ಕಿದ್ದೇ ಬೇರೆ. ಇದರ ಮರಿಹುಳ ಮೂರು ವಾರ ಕಾಡು ಥೈಮ್ ಗಿಡದ ಹೂವು ತಿಂದು ನೆಲಕ್ಕೆ ಬೀಳುತ್ತೆ. ಅಲ್ಲಿ ಓಡಾಡೋ ಒಂದು ಜಾತಿ ಕೆಂಪಿರುವೆಗೆ ಇದರ ವಾಸನೆ ತನ್ನ ಮರಿಯದ್ದೇ ಅನ್ನಿಸುತ್ತೆ, ಎತ್ಕೊಂಡು ಗೂಡಿಗೆ ಒಯ್ಯುತ್ತೆ, ಈ ಪುಣ್ಯಾತ್ಮ ಒಳಗೆ ಹೋಗಿ ಹೆಚ್ಚುಕಮ್ಮಿ ಹತ್ತು ತಿಂಗಳು ಇರುವೆ ಮರಿಗಳನ್ನೇ ತಿಂದು ಕೊಬ್ಬಿ ಆಮೇಲೆ ಚಿಟ್ಟೆಯಾಗಿ ಹೊರಗೆ ಬರುತ್ತೆ. ಆ ಇರುವೆಗೆ ಬಿಸಿ ಮಣ್ಣು ಬೇಕು. ಮಣ್ಣು ಬಿಸಿ ಇರ್ಬೇಕು ಅಂದ್ರೆ ಹುಲ್ಲು ಬೆರಳುದ್ದಕ್ಕಿಂತ ಚಿಕ್ಕದಿರ್ಬೇಕು. ಹುಲ್ಲು ಚಿಕ್ಕದಿರ್ಬೇಕು ಅಂದ್ರೆ ಯಾರೋ ಮೇಯ್ತಾ ಇರ್ಬೇಕು! ದನ ಕುರಿ ಬರೋದು ನಿಂತಿತ್ತು, 1950ರ ದಶಕದಲ್ಲಿ ರೋಗ ಬಂದು ಮೊಲಗಳೂ ಸತ್ತಿದ್ವು, ಹುಲ್ಲು ಸೊಂಪಾಗಿ ಬೆಳೀತು, ನೆಲ ತಂಪಾಯ್ತು, ಆ ಇರುವೆ ಹೋಗಿ ಬೇರೆ ಇರುವೆ ಬಂತು, ಚಿಟ್ಟೆ ಹೋಯ್ತು. ಇದು ಪೂರ್ತಿ ಅರ್ಥ ಆಗೋ ಹೊತ್ತಿಗೆ ತಡವಾಗಿತ್ತು, 1979ಕ್ಕೆ ಬ್ರಿಟನ್ನಿನಲ್ಲಿ ಅದು ನಿರ್ನಾಮ. ಆಮೇಲೆ ಸ್ವೀಡನ್ನಿಂದ ತಂದು ಬಿಟ್ಟು, ಜಾನುವಾರುಗಳನ್ನ ವಾಪಸ್ ಮೇಯೋಕೆ ಬಿಟ್ಟ ಮೇಲೇನೇ ಮತ್ತೆ ನೆಲೆಯೂರಿದ್ದು.

ಬೇಲಿ ಒಳಗೆ ಹಸಿರಾಗಿ ಕಾಣ್ತಿತ್ತು ನೋಡಿ, ಅದೇ ಮೋಸ. ಹಸಿರು ಜಾಸ್ತಿ ಆದಷ್ಟೂ ಒಳ್ಳೇದು ಅನ್ನೋದು ನಮ್ಮ ಕಣ್ಣಿಗೆ ಹಿಡಿದಿರೋ ರೋಗ.

ಇದು ವಿದೇಶದ ಕಥೆ ಅಂತೀರಾ, ಭರತಪುರಕ್ಕೆ ಬನ್ನಿ. ಕೇವಲಾದೇವ್ ಪಕ್ಷಿಧಾಮ ಅಂದ ತಕ್ಷಣ ದೇವರೇ ಮಾಡಿಟ್ಟ ಜಾಗ ಅನ್ಕೋತಾರೆ ಜನ. ಅದು ರಾಜರು ಒಡ್ಡು ಕಟ್ಟಿ ತೂಬು ಇಟ್ಟು ನೀರು ಹಾಯಿಸಿ ಮಾಡಿದ ಜೌಗು, ಅದೂ ಬಾತುಕೋಳಿ ಶಿಕಾರಿಗೆ. 1938ರಲ್ಲಿ ವೈಸರಾಯ್ ಲಿನ್ಲಿತ್ಗೋ ಬಂದಾಗ ಒಂದೇ ದಿನಕ್ಕೆ 4,273 ಹಕ್ಕಿ ಹೊಡೆದು ಹಾಕಿದ್ರು, ಆ ಲೆಕ್ಕವನ್ನ ಕಲ್ಲಿನ ಮೇಲೆ ಕೆತ್ತಿಸಿ ಬೇರೆ ಇಟ್ಟಿದಾರೆ. ಅಂಥ ಕಡೆ 1982ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಯ್ತು, ಸುತ್ತಲಿನ ಹಳ್ಳಿಯವರ ಎಮ್ಮೆ ದನ ಒಳಗೆ ಬರೋ ಹಾಗಿಲ್ಲ ಅಂತ ಆರ್ಡರ್ ಆಯ್ತು, ಜನ ತಿರುಗಿಬಿದ್ರು, ಗೋಲಿಬಾರಾಗಿ ಕೆಲವರು ಸತ್ತೂ ಹೋದ್ರು. ಸರಿ, ಎಮ್ಮೆ ಹೋಯ್ತು, ಹಕ್ಕಿಗೆ ಸುಗ್ಗಿ ಆಗ್ಬೇಕಿತ್ತಲ್ಲ? ಎಮ್ಮೆ ಮೇಯ್ತಿದ್ದ ಒಂದು ಜಾತಿ ನೀರುಹುಲ್ಲು ತಡೆಯಿಲ್ಲದೆ ಹಬ್ಬಿ ತೆರೆದ ನೀರನ್ನೇ ಮುಚ್ಚಿಬಿಡ್ತು, ಮೀನಿಗೂ ಹಕ್ಕಿಗೂ ಜಾಗ ಕಮ್ಮಿ ಆಯ್ತು. ಇದನ್ನ ಹೇಳಿದ್ದು ಎಮ್ಮೆ ಸಾಕೋರ ಸಂಘ ಅಲ್ಲ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲೇ ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳಿದ್ದು. ಗುಂಡು ತಿಂದವರ ಮನೆಗೆ ಹೋಗಿ ಯಾರಾದ್ರೂ ಈ ರಿಪೋರ್ಟ್ ಓದಿ ಹೇಳಿದ್ರೋ ಇಲ್ವೋ.

ಬೆಂಕಿ ಕಥೆನೂ ಹೀಗೇ. ಕ್ಯಾಲಿಫೋರ್ನಿಯಾದಲ್ಲಿ ದೈತ್ಯ ಸಿಕೋಯಾ ಮರಗಳಿವೆ, ಅವುಗಳ ಕಾಯಿ ಬಿರಿಯೋಕೆ ಬೆಂಕಿಯ ಶಾಖ ಬೇಕು, ಬೀಜ ಮೊಳೆಯೋಕೆ ತರಗೆಲೆ ಸುಟ್ಟು ಬರಿದಾದ ಮಣ್ಣು ಬೇಕು. ಅಲ್ಲಿನ ಮೂಲನಿವಾಸಿಗಳು ಆಗಾಗ ಸಣ್ಣದಾಗಿ ನೆಲಬೆಂಕಿ ಹಚ್ಚೋರು. ಅವರನ್ನ ಓಡಿಸಿ, ಬೆಂಕಿ ಅಂದ್ರೆ ಶತ್ರು ಅಂತ ತೀರ್ಮಾನ ಮಾಡಿದ್ರು. 1935ರಲ್ಲಿ ಅಮೆರಿಕದ ಅರಣ್ಯ ಇಲಾಖೆ ಯಾವ ಬೆಂಕಿ ಕಂಡ್ರೂ ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆ ಒಳಗೆ ಆರಿಸ್ಬೇಕು ಅಂತ ರೂಲ್ಸೇ ಮಾಡ್ತು. ಆಮೇಲೆ ನೋಡಿದ್ರೆ ಸಿಕೋಯಾ ತೋಪುಗಳಲ್ಲಿ ಸಸಿಗಳೇ ಇಲ್ಲ, ಕೆಳಗೆಲ್ಲ ಬೇರೆ ಮರ, ಒಣ ಕಸ. 1968ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದವರು ತಾವೇ ಬೆಂಕಿ ಹಚ್ಚೋಕೆ ಶುರು ಮಾಡಿದ್ರು, ಆದ್ರೆ ದಶಕಗಟ್ಟಲೆ ಬಿದ್ದ ರಾಶಿ ಅಷ್ಟು ಸುಲಭಕ್ಕೆ ಕರಗುತ್ತಾ? 2020ರಲ್ಲಿ ಬರ, ಬಿಸಿಲು, ಈ ರಾಶಿ ಎಲ್ಲ ಸೇರಿ ಹತ್ತಿದ ಒಂದೇ ಬೆಂಕಿಗೆ ಸಾವಿರಾರು ಮುದಿ ಸಿಕೋಯಾಗಳು ಸತ್ತುಹೋದ್ವು. ಎಷ್ಟೋ ಶತಮಾನ ಬೆಂಕಿ ಜೊತೆನೇ ಬದುಕಿದ್ದ ಮರಗಳು ಅವು.

ಈಗ ನೀವು ಹೇಳ್ಬಹುದು, ಬೇಲಿ ಇಲ್ದೆ ಬಿಟ್ರೆ ಎಲ್ಲರೂ ನುಗ್ಗಿ ಮುಕ್ಕಿಬಿಡ್ತಾರೆ ಅಂತ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ಪ್ರೊಫೆಸರ್ ಇದನ್ನೇ ಬರೆದು ಜಗತ್ಪ್ರಸಿದ್ಧ ಆದ್ರು, ಎಲ್ಲರ ಗೋಮಾಳ ಯಾರದ್ದೂ ಅಲ್ಲ, ಅದು ಹಾಳಾಗೋದೇ ಸೈ ಅಂತ. ಎಲಿನಾರ್ ಆಸ್ಟ್ರಮ್ ಅಂತ ಒಬ್ಬ ಹೆಂಗಸು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ, ನಿಜವಾದ ಊರುಗಳಲ್ಲಿ ಏನಾಗುತ್ತೆ ಅಂತ ಹುಡುಕಿ ತೆಗೆದ್ರು. ಅದರಲ್ಲಿ ಒಂದು ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನೋ ಹಳ್ಳಿ. ಚಳಿಗಾಲದಲ್ಲಿ ನಿನ್ನ ಮೇವಲ್ಲಿ ಎಷ್ಟು ಹಸು ಸಾಕೋಕಾಗುತ್ತೋ ಅಷ್ಟನ್ನ ಮಾತ್ರ ಬೇಸಿಗೆಯಲ್ಲಿ ಊರ ಬೆಟ್ಟಕ್ಕೆ ಬಿಡ್ಬೇಕು, ಒಂದು ಜಾಸ್ತಿ ಬಿಟ್ರೂ ದಂಡ. ಈ ಕಟ್ಟಳೆ 1517ರದ್ದು! ಸರ್ವೆ ಇಲ್ಲ, ಸ್ಯಾಟಲೈಟ್ ಇಲ್ಲ, ಶತಮಾನಗಳ ಕಾಲ ಬೆಟ್ಟ ಚೆನ್ನಾಗೇ ಇತ್ತು. ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆದ್ರೆ ಇವತ್ತಿಗೂ ಯಾವ ಸೆಮಿನಾರಿಗೆ ಹೋದ್ರೂ ಹಾರ್ಡಿನ್ ಮಾತನ್ನೇ ಒದರ್ತಾರೆ. ಬೇಲಿ ಹಾಕೋರಿಗೆ ಅದು ಅನುಕೂಲ ನೋಡಿ.

ಜನ ಬಿಟ್ಟುಹೋದ್ರೆ ಪ್ರಕೃತಿ ಚೆನ್ನಾಗಿರುತ್ತೆ ಅನ್ನೋದಕ್ಕೂ ಒಂದು ಮಾತು. ಫಿಲಿಪ್ಪೀನ್ಸಿನ ಇಫುಗಾವೊ ಭತ್ತದ ಮೆಟ್ಟಿಲುಗದ್ದೆಗಳನ್ನ 1995ರಲ್ಲಿ ಯುನೆಸ್ಕೋ ವಿಶ್ವಪರಂಪರೆ ಅಂದ್ರು, 2001ಕ್ಕೆ ಅಪಾಯದ ಪಟ್ಟಿಗೆ ಸೇರಿಸಿದ್ರು. ಹುಡುಗರೆಲ್ಲ ಪಟ್ಟಣ ಸೇರಿ ಗದ್ದೆ ಬದು ಕಟ್ಟೋರು, ಕಾಲುವೆ ನೋಡೋರು ಕಮ್ಮಿ ಆಗಿದ್ದು ಅದಕ್ಕೆ ದೊಡ್ಡ ಕಾರಣ. ರಿಪೇರಿ ಮಾಡಿ ಆ ಪಟ್ಟಿಯಿಂದ ಹೊರಗೆ ತರೋಕೆ 2012 ಆಯ್ತು.

ಇನ್ನು ಬೇಲಿ ನಿಜವಾಗ್ಲೂ ಕೆಲಸ ಮಾಡಿದ ಒಂದು ಉದಾಹರಣೆ ನಾನೇ ಕೊಡ್ತೀನಿ, ಖುಷಿಪಡಿ. ಥಾಯ್ಲೆಂಡಿನ ಮಾಯಾ ಬೇ ಅನ್ನೋ ಕಡಲತೀರ. ಹವಳ ಬಹುಪಾಲು ಸತ್ತುಹೋಗಿತ್ತು, 2018ರಲ್ಲಿ ಪೂರ್ತಿ ಮುಚ್ಚಿದ್ರು, 2022ರಲ್ಲಿ ತೆರೆಯೋ ಹೊತ್ತಿಗೆ ಶಾರ್ಕ್ ಮರಿಗಳು ದಡದ ಹತ್ತಿರ ಓಡಾಡ್ತಿದ್ವು. ಆದ್ರೆ ಹೊರಗೆ ಹಾಕಿದ್ದು ಯಾರನ್ನ? ದಿನಕ್ಕೆ ಸಾವಿರಾರು ಜನ ಬೋಟಲ್ಲಿ ಬಂದಿಳಿದು ಫೋಟೋ ಹೊಡ್ಕೊಂಡು ಹೋಗ್ತಿದ್ದ ಪ್ರಕೃತಿಪ್ರೇಮಿಗಳನ್ನ. ಅಂದ್ರೆ ನಮ್ಮಂಥವರನ್ನ. ನಿಮ್ಮ ಪತ್ರದಲ್ಲೇ ಇದೆ, ರಜೆ ಬಂದ್ರೆ ಸಾಕು ಕಾಡು ಜಲಪಾತ ಅಂತ ಹೊರಡ್ತೀನಿ ಅಂತ. ಕುರಿ ಕಾಯೋನಿಗೆ ಬೇಲಿ, ನಮ್ಮ ಕಾರಿಗೆ ಮಾತ್ರ ಗುಡ್ಡದ ತುದಿವರೆಗೂ ಟಾರ್ ರೋಡು, ರೇಲಿಂಗ್ ಹಾಕಿದ ವ್ಯೂ ಪಾಯಿಂಟು, ಪಕ್ಕದಲ್ಲೊಂದು ರೆಸಾರ್ಟು. 1959ರಲ್ಲಿ ಆಫ್ರಿಕಾದ ಸೆರೆಂಗೆಟಿ ಹುಲ್ಲುಗಾವಲಿನಿಂದ ಮಸಾಯಿ ದನಗಾಹಿಗಳನ್ನ ಆಚೆ ಕಳಿಸಿದ್ರು, ಅವರು ದನ ಮೇಯಿಸ್ತಿದ್ದ ನೆಲದಲ್ಲಿ ಇವತ್ತು ಸಫಾರಿ ಜೀಪುಗಳು ಒಂದು ಸಿಂಹದ ಸುತ್ತ ಸಾಲುಗಟ್ಟಿ ನಿಲ್ತವೆ. ಇದರ ಬಗ್ಗೆ ನಮಗೆ ಬರೋ ಪತ್ರಗಳಲ್ಲಿ ಯಾರಿಗೂ ಸಿಟ್ಟು ಬಂದಿದ್ದು ನಾನು ನೋಡಿಲ್ಲ.

ಕೊನೇದಾಗಿ ಸಸಿ ಅಭಿಯಾನ. ಹುಲ್ಲಿನ ಗುಡ್ಡದಲ್ಲಾದ್ರೆ ಕೈಜೋಡಿಸಲ್ಲ. ಬೋಳು ಅಂತೀರಲ್ಲ, ಆ ಹುಲ್ಲಿನ ಬೇರು ಮಳೆನೀರು ಇಂಗಿಸಿ ಕೆಳಗಿನ ತೊರೆಗಳನ್ನ ಹರಿಸ್ತಿರುತ್ತೆ. ದಕ್ಷಿಣ ಆಫ್ರಿಕಾದಲ್ಲಿ ಇಂಥ ಬೆಟ್ಟಗಳಿಗೆ ಹೊರಗಿಂದ ತಂದ ಪೈನ್, ನೀಲಗಿರಿ, ಅಕೇಶಿಯಾ ಹಬ್ಬಿ ನೀರು ಹೀರಿಬಿಟ್ವು ಅಂತ 1995ರಿಂದ ಸರ್ಕಾರವೇ ದುಡ್ಡು ಕೊಟ್ಟು ಆ ಮರಗಳನ್ನ ಕಡಿಸ್ತಿದೆ. ಕಡಿದು ಹಾಳಾದ ಕಾಡಿನ ಜಾಗ ಇದ್ರೆ, ಅಲ್ಲಿನದೇ ಜಾತಿಯ ಸಸಿ ಆದ್ರೆ, ಮೂರು ವರ್ಷ ನೀರು ಹಾಕೋರು ಯಾರು ಅಂತ ಮೊದಲೇ ಬರೆದು ಕಳಿಸಿದ್ರೆ, ಅರ್ಧ ಪುಟ ಬಿಟ್ಟುಕೊಡ್ತೀನಿ. ಉದ್ಘಾಟನೆ ಫೋಟೋ ಮಾತ್ರ ಕಳಿಸ್ಬೇಡಿ, ಹಾಕಲ್ಲ.