ಶೀಘ್ರ ಸ್ಖಲನ ಕುರಿತ ನಿಮ್ಮ ಲೇಖನ: ತಿದ್ದಿ ಕಳಿಸಿ

ಮಾನ್ಯರೇ,

ಶೀಘ್ರ ಸ್ಖಲನದ ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ಆದರೆ ಇಂಥದ್ದೊಂದು ಬರಹ ಬೇಕೇ ಬೇಕು, ನಿಮ್ಮ ಭಾಷೆಯೂ ಸಲೀಸಾಗಿದೆ. ಹಾಗಾಗಿ ತಿದ್ದಿ ಕಳಿಸಿ ಎಂದು ಕೇಳುತ್ತಿದ್ದೇವೆ.

‘ಹತ್ತು ನಿಮಿಷ ತಡೆಯಲಾಗದವರಿಗೆ ಈ ರೋಗವಿದೆ’ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೀರಿ. ಅದನ್ನು ಓದಿದರೆ ಏನೂ ತೊಂದರೆ ಇಲ್ಲದವರೂ ಹೆದರುತ್ತಾರೆ. 2005ರಲ್ಲಿ ಪ್ರಕಟವಾದ ಐದು ದೇಶಗಳ ಅಧ್ಯಯನದಲ್ಲಿ ಸುಮಾರು 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದಿದ್ದರು. ಅರ್ಧದಷ್ಟು ಗಂಡಸರಿಗೆ ಯೋನಿಪ್ರವೇಶದಿಂದ ಸ್ಖಲನದವರೆಗೆ ಹಿಡಿದದ್ದು 5.4 ನಿಮಿಷಕ್ಕಿಂತ ಕಡಿಮೆ. ವೈದ್ಯರು ಬರೀ ಗಡಿಯಾರ ನೋಡುವುದಿಲ್ಲ. ತಡೆಯಬೇಕೆಂದರೂ ಕೈಮೀರುತ್ತದೆಯೇ, ಅದರಿಂದ ಸಂಕಟವಾಗಿ ಹೆಂಡತಿಯ ಹತ್ತಿರ ಹೋಗುವುದನ್ನೇ ತಪ್ಪಿಸುವಂತಾಗಿದೆಯೇ ಎಂದೂ ಕೇಳುತ್ತಾರೆ. ಮದುವೆಯ ಹೊಸದರಲ್ಲೋ, ಬಹಳ ದಿನ ದೂರವಿದ್ದು ಬಂದಾಗಲೋ ಬೇಗ ಆದರೆ ಅದು ಕಾಯಿಲೆಯಲ್ಲ.

ನೀವು ಒಂದೇ ಸಾಲಿನಲ್ಲಿ ದಾಟಿಸಿದ ಮಾತೇ ಲೇಖನದ ಜೀವಾಳ: ತೊಂದರೆ ಮೊದಲಿನಿಂದ ಇದೆಯೋ, ನಡುವೆ ಬಂದದ್ದೋ? ಮೊದಲ ಅನುಭವದಿಂದಲೂ ಹೆಚ್ಚುಕಡಿಮೆ ಪ್ರತಿ ಸಲ ಪ್ರವೇಶಕ್ಕೆ ಮೊದಲೇ ಅಥವಾ ಸುಮಾರು ಒಂದು ನಿಮಿಷದೊಳಗೆ ಆಗುತ್ತಿದ್ದರೆ ಅದು ಒಂದು ಬಗೆ. ವರ್ಷಗಟ್ಟಲೆ ಸರಿಯಿದ್ದು, ಈಗ ಮೂರು ನಿಮಿಷಕ್ಕೋ ಅದಕ್ಕೂ ಕೆಳಗೋ ಇಳಿದಿದ್ದರೆ ಕಾರಣ ಹುಡುಕಲೇಬೇಕು. ಥೈರಾಯ್ಡ್ ಹೆಚ್ಚಾಗಿರಬಹುದು, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಉರಿಯೂತವಿರಬಹುದು. ಎಷ್ಟೋ ಸಲ ಮೂಲದಲ್ಲಿರುವುದು ನಿಮಿರುವಿಕೆಯ ತೊಂದರೆ: ಎಲ್ಲಿ ಸಡಿಲವಾಗುತ್ತದೋ ಎಂಬ ಭಯಕ್ಕೆ ಆತ ಅವಸರಪಡುತ್ತಾನೆ. ಆಗ ಮೊದಲು ಅದಕ್ಕೆ ಚಿಕಿತ್ಸೆ. ಇದನ್ನು ಬಿಡಿಸಿ ಬರೆಯಿರಿ.

ಸ್ವಪ್ನ ಸ್ಖಲನ, ಹಸ್ತಮೈಥುನ, ‘ಧಾತು ಹೋಗುವುದು’ ಎಲ್ಲವನ್ನೂ ಇದರೊಳಗೆ ತುರುಕಿದ್ದೀರಿ, ತೆಗೆಯಿರಿ. ವೀರ್ಯ ಹೋಗಿ ದೇಹ ಸೊರಗುತ್ತದೆ ಎಂಬ ಕೊರಗಿಗೆ ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಅದು ನಿಜವಾದ ಸಂಕಟವೇ, ಆದರೆ ಅದರ ಆರೈಕೆಯ ದಾರಿ ಬೇರೆ.

‘ಆ ಹೊತ್ತಿನಲ್ಲಿ ಮನಸ್ಸನ್ನು ಬೇರೆಡೆ ತಿರುಗಿಸಿ’ ಎಂಬ ಸಲಹೆ ತಿರುಗುಮುರುಗಾಗಿದೆ. 1956ರಲ್ಲಿ ಮೂತ್ರರೋಗ ತಜ್ಞ ಜೇಮ್ಸ್ ಸೀಮನ್ಸ್ ವಿವರಿಸಿದ ನಿಲ್ಲಿಸಿ-ಮುಂದುವರಿಸುವ ಅಭ್ಯಾಸದಲ್ಲಿ ಗಮನವೆಲ್ಲ ದೇಹದ ಮೇಲೇ ಇರಬೇಕು. ಕೈಯಿಂದ ಉದ್ರೇಕಿಸಿ, ಸ್ಖಲನ ಹತ್ತಿರವಾಗುತ್ತಿದೆ ಎನ್ನಿಸಿದೊಡನೆ ನಿಲ್ಲಿಸಿ, ಒತ್ತಡ ಇಳಿಯುವವರೆಗೆ ಸುಮಾರು ಅರ್ಧ ನಿಮಿಷ ಕಾದು, ಮತ್ತೆ ಶುರುಮಾಡುವುದು. ಮೂರು ಸಲ ಹೀಗೆ ಮಾಡಿ ನಾಲ್ಕನೆಯದಕ್ಕೆ ಬಿಡಬಹುದು. ಜನ ಸೋಲುವುದು ತಡವಾಗಿ ನಿಲ್ಲಿಸುವುದರಿಂದ. ಒಂದು ಹಂತ ದಾಟಿದ ಮೇಲೆ ಯಾರಿಂದಲೂ ತಡೆಯಲಾಗದು. ಫಲ ಕಾಣಲು ವಾರಗಳೇ ಬೇಕು, ಹೆಂಡತಿಯ ಜೊತೆಯೂ ಬೇಕು.

‘ಅಂಗಡಿಯಲ್ಲಿ ಡಪಾಕ್ಸೆಟಿನ್ 60 ಕೇಳಿ’ ಎಂಬ ವಾಕ್ಯ ಅಪಾಯಕಾರಿ. ಅದು ಸ್ಖಲನ ತಡವಾಗಿಸುವ ಮಾತ್ರೆ, ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡುವ ಔಷಧ. ಶುರುಮಾಡುವುದು 30 ಮಿಲಿಗ್ರಾಂನಿಂದ, ಒಂದರಿಂದ ಮೂರು ಗಂಟೆ ಮುಂಚೆ, ಲೋಟ ತುಂಬಾ ನೀರಿನೊಂದಿಗೆ. ವಾಕರಿಕೆ ಬರಬಹುದು, ಎದ್ದು ನಿಂತಾಗ ತಲೆಸುತ್ತಿ ಬೀಳಲೂಬಹುದು. ಮದ್ಯದೊಡನೆ ಕೂಡದು. ಹೃದ್ರೋಗಿಗಳೂ ಖಿನ್ನತೆಯ ಮಾತ್ರೆ ಅಥವಾ ಟ್ರಾಮಡಾಲ್ ಎಂಬ ನೋವಿನ ಮಾತ್ರೆ ನುಂಗುವವರೂ ತಾವಾಗಿ ತೆಗೆದುಕೊಳ್ಳಲೇಬಾರದು. ಮರಗಟ್ಟಿಸುವ ಸ್ಪ್ರೇ ಬಳಸಿದರೆ ಕೂಡುವ ಮುನ್ನ ತೊಳೆಯಬೇಕು ಅಥವಾ ಕಾಂಡೋಮ್ ಹಾಕಬೇಕು. ಇಲ್ಲದಿದ್ದರೆ ಆಕೆಗೂ ಮರಗಟ್ಟುತ್ತದೆ.

ವೈದ್ಯರ ಬಳಿ ಯಾವಾಗ ಹೋಗಬೇಕೆಂಬುದು ನಿಮ್ಮಲ್ಲಿ ಇಲ್ಲವೇ ಇಲ್ಲ. ಆರು ತಿಂಗಳಿಂದ ಹೆಚ್ಚುಕಡಿಮೆ ಪ್ರತಿ ಸಲ ಹೀಗಾಗುತ್ತಿದ್ದರೆ ಹೋಗಬೇಕು. ಉರಿಮೂತ್ರ, ವೀರ್ಯದಲ್ಲಿ ರಕ್ತ, ಸಡಿಲ ನಿಮಿರುವಿಕೆ ಇದ್ದರೆ, ಅಥವಾ ಪ್ರವೇಶಕ್ಕೆ ಮೊದಲೇ ಸ್ಖಲನವಾಗಿ ಮಗುವಾಗುವುದು ತಡವಾಗುತ್ತಿದ್ದರೆ ಅಷ್ಟು ದಿನ ಕಾಯಬಾರದು. ಮನೆಯ ವೈದ್ಯರು, ಮೂತ್ರರೋಗ ತಜ್ಞರು, ಮನೋವೈದ್ಯರು, ಯಾರಾದರೂ ಸರಿ. ನಾಚಿಕೆಯಿಂದ ‘ನಿಶ್ಶಕ್ತಿ’ ಎಂದಷ್ಟೇ ಹೇಳಿದರೆ ಟಾನಿಕ್ ಸಿಕ್ಕೀತು. ‘ಬೇಗ ಆಗುತ್ತದೆ, ಇಷ್ಟು ಕಾಲದಿಂದ’ ಎಂದೇ ಹೇಳಲು ಓದುಗರಿಗೆ ಮಾತು ಕೊಡಿ. ಸಾಯುವ ಯೋಚನೆ ಬರುವಷ್ಟು ಕುಗ್ಗಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ನೀಡಿ, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಕೊನೆಯಲ್ಲಿರುವ ‘ಶಕ್ತಿವರ್ಧಕ’ ಚೂರ್ಣದ ಹೆಸರು, ಫೋನ್ ನಂಬರ್ ಎರಡನ್ನೂ ಅಳಿಸಿ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆನ್ನುವ ಔಷಧಗಳ ಜಾಹೀರಾತನ್ನು 1954ರ ಕಾಯ್ದೆ ನಿಷೇಧಿಸಿದೆ.